40 ಅಡಿ ಹ್ಯಾಮ್ ಟವರ್: ಕಟ್ಟಿದವರ ಕೆಲಸ ಹೇಗಿದೆ, ಅರ್ತಿಂಗ್ ಹೇಗಿತ್ತು

ತುಮಕೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೊದ ಆಂಟೆನಾಗಾಗಿ 40 ಅಡಿ ಎತ್ತರದ ಜಿಐ (ಸತು ಲೇಪಿತ ಕಬ್ಬಿಣದ) ಲ್ಯಾಟಿಸ್ ಟವರ್ ನಿಲ್ಲಿಸುವ ಕೆಲಸವನ್ನು ಬೆಂಗಳೂರಿನ ಒಂದು ಸಂಸ್ಥೆಗೆ ವಹಿಸಿದ್ದೆ. ಫೌಂಡೇಶನ್, ಟವರ್, ಅದನ್ನು ಸುತ್ತಲಿಂದ ಎಳೆದು ಹಿಡಿಯುವ ಗೈ ವೈರ್, ಕೇಬಲ್, ಅರ್ತಿಂಗ್ ಎಲ್ಲವೂ ಒಂದೇ ಗುತ್ತಿಗೆಯಲ್ಲಿ ಸೇರಿದ್ದವು. ನೆಲದ ಮೇಲಿನ ಕೆಲಸಕ್ಕೆ ಈ ತಂಡವನ್ನು ಯಾವ ಅಳುಕೂ ಇಲ್ಲದೆ ಶಿಫಾರಸು ಮಾಡುತ್ತೇನೆ. ಅರ್ತಿಂಗ್ ವಿಷಯವನ್ನು ಮಾತ್ರ ಮುಂಗಡ ಕೊಡುವ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಜಾಗ ನೋಡಲು ಬಂದ ಸೂಪರ್‌ವೈಸರ್ ಮೊದಲು ಕತ್ತೆತ್ತಿ ನೋಡಿದ್ದು ರಸ್ತೆಯಂಚಿನ ವಿದ್ಯುತ್ ಲೈನನ್ನು. ಟವರ್ ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಗುಲಬಾರದು ಎಂದು ಹೇಳಿ, ನಾವು ಗುರುತು ಮಾಡಿದ್ದ ಜಾಗವನ್ನು ಬಿಟ್ಟು ತೆಂಗಿನ ಸಾಲಿನ ಈಚೆಗೆ ಗುಂಡಿ ತೆಗೆಸಿದರು. ನಮ್ಮ ಭಾಗಕ್ಕೆ ಐಎಸ್ 875 ಎಂಬ ಭಾರತೀಯ ಮಾನದಂಡ ಸೂಚಿಸುವ ಸೆಕೆಂಡಿಗೆ 33 ಮೀಟರ್ ಗಾಳಿಯ ವೇಗವನ್ನು ಆಧರಿಸಿ ಫೌಂಡೇಶನ್ನಿನ ಅಳತೆ ನಿರ್ಧರಿಸಿದ್ದರು. ಕಾಂಕ್ರೀಟ್ ಹಾಕಿದ ಮೇಲೆ ಗೋಣಿಚೀಲ ಹೊದಿಸಿ ನೀರುಣಿಸಿ, 28 ದಿನ ತುಂಬುವವರೆಗೂ ಟವರ್ ಏರಿಸಲು ಒಪ್ಪಲಿಲ್ಲ. ಬೇಗ ಮುಗಿಸಿ ಬಿಲ್ಲು ತೆಗೆದುಕೊಂಡು ಹೋಗುವ ಆತುರ ಅವರಲ್ಲಿ ಕಾಣಲಿಲ್ಲ.

ಗೈ ವೈರ್ ಕಟ್ಟುವುದರಲ್ಲಿ ಅವರ ಕೈ ಬಹಳ ಪಳಗಿದೆ. ಪ್ರತಿಯೊಂದು ತುದಿಯ ಕುಣಿಕೆಗೂ ಒಳಗಿನಿಂದ ಆಸರೆಯಾಗುವ ಲೋಹದ ಥಿಂಬಲ್ ಹಾಕಿ, ಮೂರು ಮೂರು ಕ್ಲಿಪ್ ಬಿಗಿದು, ಕ್ಲಿಪ್ಪಿನ ತಡಿಯ ಭಾಗ ಭಾರ ಹೊರುವ ವೈರಿನ ಮೇಲೂ ಯು ಬೋಲ್ಟು ಕತ್ತರಿಸಿದ ತುದಿಯ ಮೇಲೂ ಬರುವಂತೆ ಕೂರಿಸಿದ್ದಾರೆ. ಇದು ತಿರುಗುಮುರುಗಾದರೆ ಯು ಬೋಲ್ಟು ಭಾರದ ವೈರನ್ನೇ ನಜ್ಜುಗುಜ್ಜು ಮಾಡಿ ಅದರ ಬಲ ಕುಂದಿಸುತ್ತದೆ. ನಾನು ನೋಡಿದ ಎಷ್ಟೋ ಟವರ್‌ಗಳಲ್ಲಿ ತಿರುಗುಮುರುಗಾಗಿಯೇ ಇದೆ. ವೈರನ್ನು ಬಿಗಿಮಾಡುವ ಟರ್ನ್‌ಬಕಲ್‌ಗಳು ಗಾಳಿಯ ಅಲುಗಾಟಕ್ಕೆ ತಾವಾಗಿ ಬಿಚ್ಚಿಕೊಳ್ಳದಂತೆ ಅವುಗಳ ನಡುವೆ ತಂತಿ ತೂರಿಸಿ ಕಟ್ಟಿದ್ದಾರೆ. ಮೇಲೆ ಹತ್ತಿದ ಹುಡುಗರು ಬೆಲ್ಟಿನ ಎರಡು ಕೊಕ್ಕೆಗಳಲ್ಲಿ ಒಂದನ್ನಾದರೂ ಸದಾ ಟವರಿಗೆ ಸಿಕ್ಕಿಸಿಕೊಂಡೇ ಇದ್ದರು.

ಕೇಬಲ್ ವಿಷಯದಲ್ಲಿಯೂ ಸಲಹೆ ಸರಿಯಾಗಿತ್ತು. ಆಂಟೆನಾದಿಂದ ರೇಡಿಯೊವರೆಗಿನ ಸುಮಾರು 30 ಮೀಟರ್ ಓಟಕ್ಕೆ ಆರ್‌ಜಿ-58 ಎಂಬ ತೆಳ್ಳನೆಯ ಕೇಬಲ್ ಹಾಕಿದರೆ 145 ಮೆಗಾಹರ್ಟ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೇಬಲ್ಲಿನಲ್ಲೇ ಕರಗಿಹೋಗುತ್ತದೆ. ದಪ್ಪನೆಯ ಎಲ್‌ಎಂಆರ್-400 ಕೇಬಲ್ಲಿನಲ್ಲಿ ಆ ನಷ್ಟ ಮೂರನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅವರು ಎರಡನೆಯದನ್ನೇ ತಂದರು. ಹೊರಗಿನ ಪ್ರತಿ ಕನೆಕ್ಟರಿಗೂ ಮೊದಲು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ, ಅದರ ಮೇಲೆ ಕೆಳಗಿನಿಂದ ಮೇಲಕ್ಕೆ ಪಿವಿಸಿ ಟೇಪ್ ಸುತ್ತಿದ್ದಾರೆ. ಹೀಗೆ ಸುತ್ತಿದರೆ ಹೆಂಚಿನ ಮಾಡಿನಂತೆ ಮೇಲಿನ ಪದರ ಕೆಳಗಿನದನ್ನು ಮುಚ್ಚಿ ಮಳೆನೀರು ಒಳಗಿಳಿಯುವುದಿಲ್ಲ.

ತಕರಾರು ಶುರುವಾದದ್ದು ಅರ್ತಿಂಗ್‌ನಲ್ಲಿ. ಟವರ್ ಬುಡದಿಂದ ಸ್ವಲ್ಪ ದೂರದಲ್ಲಿ ಒಂದು ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಉಪ್ಪು ಇದ್ದಿಲು ತುಂಬಿ, ಮುಂದೆ ಬೇಕಾಗಬಹುದೆಂದು ಉಳಿದ ತಂತಿಯನ್ನು ಅಲ್ಲೇ ಸುರುಳಿ ಸುತ್ತಿ ಇಟ್ಟರು. ಅರ್ತ್‌ನ ರೋಧ ಅಳೆಯುವ ಮೀಟರ್ 9 ಓಮ್ ತೋರಿಸಿತು (ಇದು ಕಡಿಮೆಯಿದ್ದಷ್ಟೂ ಒಳ್ಳೆಯದು); ಕೆಲಸ ಮುಗಿಯಿತೆಂದರು. ಮನೆಯ ಅರ್ತ್‌ಗೆ ಇದನ್ನು ಜೋಡಿಸುವುದಿಲ್ಲವೇ ಎಂದು ಕೇಳಿದ್ದಕ್ಕೆ ಸೂಪರ್‌ವೈಸರ್, "ರೇಡಿಯೊ ಅರ್ತ್ ಬೇರೆಯೇ ಇರಬೇಕು ಸಾರ್, ಎರಡನ್ನೂ ಸೇರಿಸಿದರೆ ಸಿಡಿಲು ಮನೆಯೊಳಗೆ ಬರುತ್ತೆ" ಎಂದರು. ಈ ನಂಬಿಕೆ ನಮ್ಮ ಕಡೆಯ ಎಲೆಕ್ಟ್ರಿಷಿಯನ್ನರಲ್ಲಿ ಆಳವಾಗಿ ಬೇರೂರಿದೆ, ಮತ್ತು ಇದು ಅಪಾಯಕಾರಿ.

ಲೆಕ್ಕ ಸರಳವಾಗಿದೆ. 20,000 ಆಂಪಿಯರಿನ ಸಿಡಿಲು 5 ಓಮ್ ಅರ್ತ್‌ಗೆ ಇಳಿದರೂ ಆ ಕ್ಷಣದಲ್ಲಿ ಟವರಿನ ಬುಡ 1,00,000 ವೋಲ್ಟಿಗೆ ಏರುತ್ತದೆ. ಮನೆಯ ಅರ್ತ್ ಬೇರೆಯಾಗಿದ್ದರೆ ಅದು ಹೆಚ್ಚುಕಡಿಮೆ ಸೊನ್ನೆಯಲ್ಲಿಯೇ ಉಳಿದಿರುತ್ತದೆ. ಈ ಎರಡರ ನಡುವೆ ಇರುವ ಒಂದೇ ಸೇತುವೆ ಆಂಟೆನಾದ ಕೋಆಕ್ಸಿಯಲ್ ಕೇಬಲ್ಲಿನ ಲೋಹದ ಹೊರಕವಚ, ಅದು ತಲುಪುವ ರೇಡಿಯೊ, ರೇಡಿಯೊದಿಂದ ಗೋಡೆಯ ಪ್ಲಗ್ಗಿಗೆ ಹೋಗುವ ವೈರು. ಎರಡು ಅರ್ತ್‌ಗಳನ್ನು ಹೊರಗೆ, ನೆಲದೊಳಗೇ ದಪ್ಪ ಪಟ್ಟಿಯಿಂದ ಸೇರಿಸಿಬಿಟ್ಟರೆ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಮತ್ತು ಟೇಬಲ್ಲಿನ ಮೇಲಿರುವ ಸೆಟ್ಟಿನ ಮೂಲಕ ಹರಿಯಲು ಕರೆಂಟಿಗೆ ಕಾರಣ ಉಳಿಯುವುದಿಲ್ಲ. ಓಮ್ ಎಷ್ಟು ಎಂಬುದು ಇದರ ನಂತರದ ಮಾತು. ತಂತಿಯ ಸುರುಳಿಯೂ ಹೀಗೆಯೇ ತೊಂದರೆ ಕೊಡುತ್ತದೆ: ನೇರ ತಂತಿಯ ಇಂಡಕ್ಟನ್ಸ್ (ಕರೆಂಟು ಥಟ್ಟನೆ ಏರುವುದನ್ನು ತಡೆಯುವ ಗುಣ) ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ ಇರುವುದರಿಂದ, ಮೈಕ್ರೊಸೆಕೆಂಡಿಗೆ 10,000 ಆಂಪಿಯರ್‌ನಂತೆ ಏರುವ ಕರೆಂಟಿಗೆ ಪ್ರತಿ ಮೀಟರಿನಲ್ಲಿಯೂ 10,000 ವೋಲ್ಟು ನಿಲ್ಲುತ್ತದೆ, ಸುರುಳಿ ಸುತ್ತಿದರೆ ಅದು ಇನ್ನೂ ಹೆಚ್ಚು.

ಸಂಸ್ಥೆಯ ಎಂಜಿನಿಯರ್ ಜೊತೆ ಫೋನಿನಲ್ಲಿ ಮಾತನಾಡಿದ ಮೇಲೆ ಅವರು ಒಪ್ಪಿ ತಂಡವನ್ನು ಮತ್ತೆ ಕಳಿಸಿದರು. ಸರಿಯಾದ ಮಾತಿಗೆ ಹಟ ಮಾಡದೆ ಒಪ್ಪಿಕೊಂಡದ್ದನ್ನು ನಾನು ಮೆಚ್ಚುತ್ತೇನೆ. ಆದರೆ ಎರಡನೇ ಸಲದ ಕೂಲಿಯನ್ನೂ ನಮ್ಮಿಂದಲೇ ವಸೂಲು ಮಾಡಿದ್ದು ನ್ಯಾಯವಲ್ಲ, ಏಕೆಂದರೆ ಗುತ್ತಿಗೆಯಲ್ಲಿ ಸಿಡಿಲಿನ ರಕ್ಷಣೆ ಎಂದೇ ಬರೆದಿತ್ತು.

ಈ ಸಲದ ಕೆಲಸ ಚೊಕ್ಕಟವಾಗಿದೆ. ಟವರಿನ ಸುತ್ತ 3 ಮೀಟರ್ ಉದ್ದದ ಮೂರು ತಾಮ್ರಲೇಪಿತ ರಾಡುಗಳನ್ನು, ಒಂದಕ್ಕೊಂದು 3 ಮೀಟರಿಗಿಂತ ಹತ್ತಿರ ಬಾರದಂತೆ ಇಳಿಸಿದ್ದಾರೆ. ಎರಡನೆಯದು ಐದಡಿಗೇ ಬಂಡೆಗೆ ತಾಗಿದಾಗ ರಾಡನ್ನು ಕತ್ತರಿಸಿ ಮುಚ್ಚಿಬಿಡದೆ, ಡ್ರಿಲ್ ತರಿಸಿ ಕೊರೆದು, ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು ತುಂಬಿದರು. ರಾಡು, ಫೌಂಡೇಶನ್ನಿನ ಕಬ್ಬಿಣ, ಮನೆಯ ಮುಖ್ಯ ಅರ್ತ್ ಎಲ್ಲವೂ ಈಗ ಅಗಲವಾದ ತಾಮ್ರದ ಪಟ್ಟಿಯಿಂದ ಒಂದಾಗಿವೆ. ಜಿಐ ಕಾಲಿಗೆ ತಾಮ್ರವನ್ನು ನೇರವಾಗಿ ಬಿಗಿದರೆ ಮಳೆಗಾಲದಲ್ಲಿ ಸತು ಬಹಳ ಬೇಗ ತಿಂದುಹೋಗುತ್ತದೆಂದು ನಡುವೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಹಾಕಿಸಿದೆ. ಕೇಬಲ್ಲಿನ ಹೊರಕವಚವನ್ನು ಟವರಿನ ಮೇಲೂ ಬುಡದಲ್ಲೂ ಅರ್ತ್‌ಗೆ ಜೋಡಿಸಿ, ಅದು ಮನೆ ಹೊಗುವ ಕಿಟಕಿಯ ಹೊರಗೆ ತಾಮ್ರದ ಪ್ಲೇಟಿನ ಮೇಲೆ, ಮಿತಿಮೀರಿದ ವೋಲ್ಟೇಜನ್ನು ಅರ್ತ್‌ಗೆ ಹರಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಕೂರಿಸಿದ್ದಾರೆ. ಇಷ್ಟಿದ್ದರೂ ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿಸುವ ಮೊದಲೇ ಕೇಬಲ್ ಬಿಚ್ಚಿಡುವ ಅಭ್ಯಾಸವನ್ನು ಯಾರೂ ಬಿಡಬಾರದು.

ಇವರನ್ನು ಕರೆಸುವವರು ಕೊಟೇಶನ್ನಿನಲ್ಲಿ ಮೂರು ವಿಷಯ ಬರೆಸಿಕೊಳ್ಳಲಿ: ಮನೆಯ ಅರ್ತ್ ಜೊತೆ ಜೋಡಣೆ, ಕೇಬಲ್ ಒಳಬರುವಲ್ಲಿ ಅರೆಸ್ಟರ್ ಪ್ಲೇಟು, ಅಳತೆಯ ಲಿಖಿತ ವರದಿ. ವರದಿ ಮತ್ತು ಅರ್ತ್ ನಕ್ಷೆ ನಮಗೆ ಸಿಕ್ಕಿದ್ದು ಪದೇ ಪದೇ ಕೇಳಿದ ಮೇಲೆ. ವಾರ್ಷಿಕ ನಿರ್ವಹಣೆಗೂ ಅವರು ಬರುತ್ತಾರೆ. ಗೈ ವೈರಿನ ಬಿಗಿತ ನೋಡಿ, ಅರ್ತ್ ಅಳೆದು ಕೊಡುತ್ತಾರೆ. ಅವರ ರೂಢಿಯಂತೆ ಈ ಭೇಟಿ ಮಳೆಗಾಲ ಮುಗಿದ ಮೇಲೆ. ಒದ್ದೆ ನೆಲದಲ್ಲಿ ಓಮ್ ಕಡಿಮೆ ಬರುವುದು ಸಹಜವಾದ್ದರಿಂದ, ನೆಲ ಒಣಗಿ ಬಿರುಕುಬಿಟ್ಟಿರುವ ಮಾರ್ಚಿನಲ್ಲಿ, ಮೊದಲ ಗುಡುಗು ಮಳೆಗೆ ಮುಂಚೆ ಬಂದು ಅಳೆಯಬೇಕೆಂದು ನಾವು ಒಪ್ಪಂದದಲ್ಲಿ ಸೇರಿಸಿದ್ದೇವೆ.