ಗಾಟ್‌ಶಾಲ್ಕ್‌ನನ್ನು ಯಾವ ಕೃತಿಯಿಂದ ಶುರುಮಾಡುವುದು? ನುಡಿಸಿ, ಕೇಳಿ ಮಾಡಿದ ಹೋಲಿಕೆ

ಲೂಯಿ ಮೋರೊ ಗಾಟ್‌ಶಾಲ್ಕ್ (1829–1869) ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಕಲಿತು, ಕ್ಯೂಬಾ, ಪೋರ್ಟೊ ರಿಕೊ ಸುತ್ತಿ, ರಿಯೊ ಡಿ ಜನೈರೊದಲ್ಲಿ ತೀರಿಕೊಂಡ ಪಿಯಾನೊ ವಾದಕ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಜನ ಅವನನ್ನು ‘ದಿ ಲಾಸ್ಟ್ ಹೋಪ್’ ಥರದ ಅಳುಮೋರೆಯ ದಿವಾನಖಾನೆ ಸಂಗೀತ ಬರೆದವನೆಂದಷ್ಟೇ ನೆನೆಯುತ್ತಿದ್ದರು. ಇಂದಿಗೂ ಹಲವರು ಅಲ್ಲಿಂದಲೇ ಶುರುಮಾಡಿ, ಅಲ್ಲಿಗೇ ಬಿಟ್ಟುಬಿಡುತ್ತಾರೆ. ಜಾಝ್ ಹುಟ್ಟುವ ಅರ್ಧ ಶತಮಾನ ಮೊದಲೇ ಅದರ ಲಯವನ್ನು ಕಾಗದದ ಮೇಲೆ ಇಳಿಸಿದವನು ಸಿಗುವುದು ಬೇರೆ ಕಡೆ: ‘ಬಾಂಬೂಲಾ’ (ಓಪಸ್, ಅಂದರೆ ಕೃತಿಸಂಖ್ಯೆ, 2), ‘ದಿ ಬ್ಯಾಂಜೊ’ (ಓಪಸ್ 15), ‘ಸೂವೆನೀರ್ ದ ಪೋರ್ಟೊ ರಿಕೊ’ (ಓಪಸ್ 31), ‘ಓಹೋಸ್ ಕ್ರಿಯೋಯೋಸ್’ (ಓಪಸ್ 37). ಹೋಲಿಕೆ ಈ ನಾಲ್ಕರದ್ದು.

ಮೊದಲು ಲಯದ ಲೆಕ್ಕ. ಇವು 2/4ರಲ್ಲಿವೆ: ಒಂದು ಬಾರ್‌ಗೆ (ನಮ್ಮ ಆವರ್ತನದಂಥ ಅಳತೆ) ಎರಡು ಪೆಟ್ಟು, ಪೆಟ್ಟಿಗೆ ನಾಲ್ಕರಂತೆ ಎಂಟು ಅಕ್ಷರ, ಅಂದರೆ ಲಯದ ಸಣ್ಣ ಭಾಗಗಳು. ಕೆರಿಬಿಯನ್ ಲಯಗಳು ಈ ಎಂಟನ್ನು ನಾಲ್ಕು-ನಾಲ್ಕಾಗಿ ಒಡೆಯುವುದಿಲ್ಲ. ಟ್ರೆಸಿಯೊ 3+3+2, ಹಬನೇರಾ 3+1+2+2, ಸಿಂಕಿಯೊ 2+1+2+1+2. ಕೊನ್ನಕ್ಕೋಲು (ಬಾಯಲ್ಲಿ ತಾಳದ ಸೊಲ್ಲು ಹೇಳುವ ಕರ್ನಾಟಕ ಸಂಗೀತದ ಪದ್ಧತಿ) ಗೊತ್ತಿದ್ದವರಿಗೆ ಮೊದಲನೆಯದು ‘ತಕಿಟ ತಕಿಟ ತಕ’ ಅಷ್ಟೇ. ಕಾಲಿನಲ್ಲಿ ಎರಡು ಪೆಟ್ಟು ಹಾಕುತ್ತ, ಬಾಯಲ್ಲಿ ಇದನ್ನು ಹೇಳುತ್ತ, ಎರಡೂ ಜಾರದಂತಾದ ಮೇಲೆ ಕೀಲಿ ಮುಟ್ಟಿದರೆ ಅರ್ಧ ಕೆಲಸ ಮುಗಿದಂತೆ. ಎರಡನೇ ‘ತಕಿಟ’ ಎರಡನೇ ಪೆಟ್ಟಿಗೆ ಒಂದು ಅಕ್ಷರ ಮೊದಲೇ ಬೀಳುತ್ತದೆ. ಜಾಝ್‌ಗೆ ಮುಂಚಿನ ಅಮೆರಿಕನ್ ಪಿಯಾನೊ ಶೈಲಿಯಾದ ರ‍್ಯಾಗ್‌ಟೈಮ್‌ನ ನೂಕು ಇರುವುದು ಆ ಒಂದು ಅಕ್ಷರದಲ್ಲಿ.

ಕೇಳುವವರಿಗೆ ನಮ್ಮ ಮೊದಲ ಆಯ್ಕೆ ‘ಸೂವೆನೀರ್ ದ ಪೋರ್ಟೊ ರಿಕೊ’, ಯಾವ ಹಿಂಜರಿಕೆಯೂ ಇಲ್ಲದೆ. 1857ರ ಈ ಕೃತಿಗೆ ‘ಹೀಬರೊಗಳ ನಡೆ’ ಎಂಬ ಉಪಶೀರ್ಷಿಕೆಯಿದೆ. ಹೀಬರೊ ಎಂದರೆ ಆ ದ್ವೀಪದ ಹಳ್ಳಿಗರು. ಅಲ್ಲಿನ ಕ್ರಿಸ್ಮಸ್ ಹಾಡೊಂದರ ಧಾಟಿ ಇ-ಫ್ಲಾಟ್ ಮೈನರ್ ಸ್ವರಶ್ರೇಣಿಯಲ್ಲಿ, ಮಂದ್ರದಲ್ಲಿ, ಪಿಸುಮಾತಿನಷ್ಟು ಮೆತ್ತಗೆ ಶುರುವಾಗುತ್ತದೆ. ಮೆರವಣಿಗೆ ಹತ್ತಿರ ಬಂದಂತೆ ಒಂದೊಂದು ಆವೃತ್ತಿಯಲ್ಲೂ ಲಯ ಒಡೆಯುತ್ತ ಹೋಗಿ, ನಟ್ಟನಡುವೆ ಸಿಡಿದು, ಮತ್ತೆ ದೂರ ಸರಿಯುತ್ತದೆ. ನೆಟ್ಟಗಿನ ಧಾಟಿ ಮೊದಲು ಕಿವಿಗೆ ಬಿದ್ದಿರುವುದರಿಂದ, ಅದೇ ಧಾಟಿ ಯಾವಾಗ, ಎಷ್ಟು ಪಕ್ಕಕ್ಕೆ ಸರಿಯಿತು ಎಂಬುದು ಹೊಸಬರಿಗೂ ತಿಳಿಯುತ್ತದೆ. ಉಳಿದ ಮೂರರಲ್ಲಿ ಈ ಅನುಕೂಲವಿಲ್ಲ.

ನುಡಿಸುವಾಗ ಇದು ಕೆಡುವುದು ಹೆಚ್ಚಾಗಿ ಎರಡು ಕಡೆ. ಸದ್ದು ಏರಿದಂತೆ ಕೈ ತಾನಾಗಿ ಓಡುತ್ತದೆ. ನಡೆಯುವವರ ಹೆಜ್ಜೆ ಬದಲಾಗಬಾರದು. ಆದ್ದರಿಂದ ನಡುಭಾಗದ ಅತಿ ಕಷ್ಟದ ಬಾರ್‌ಗಳನ್ನು ಯಾವ ವೇಗದಲ್ಲಿ ಶುದ್ಧವಾಗಿ ನುಡಿಸಬಲ್ಲಿರೋ ಅದೇ ವೇಗದಲ್ಲಿ ಮೊದಲ ಬಾರ್ ಎತ್ತಿಕೊಳ್ಳಿ. ಅಭ್ಯಾಸಕ್ಕೆ ಮೆಟ್ರೊನೋಮ್ (ಲಯ ತೋರುವ ಯಂತ್ರ) ಪೆಟ್ಟನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ನಾಲ್ಕು ನಾಲ್ಕರಂತೆ ಏರಿಸಿ. ಎರಡನೆಯದು ಪೆಡಲ್, ಅಂದರೆ ಸ್ವರಗಳನ್ನು ಮೊಳಗುತ್ತಿರಲು ಬಿಡುವ ಕಾಲಿನ ಸನ್ನೆ. ಗಾಟ್‌ಶಾಲ್ಕ್ ನುಡಿಸುತ್ತಿದ್ದದ್ದು ಅಮೆರಿಕದ ಚಿಕರಿಂಗ್ ಕಂಪನಿಯ ಪಿಯಾನೊಗಳನ್ನು. ಅವಕ್ಕೆ ಹೋಲಿಸಿದರೆ ಇಂದಿನ ದೊಡ್ಡ ಗ್ರ್ಯಾಂಡ್ ಪಿಯಾನೊದ ಮಂದ್ರ ಬಲು ಭಾರ. ಬಾರ್ ಪೂರ್ತಿ ಪೆಡಲ್ ಒತ್ತಿ ಹಿಡಿದರೆ ಎಡಗೈಯ ಬಿಡುವುಗಳೆಲ್ಲ ಮುಚ್ಚಿಹೋಗುತ್ತವೆ, ಲಯ ಇರುವುದೇ ಆ ಬಿಡುವುಗಳಲ್ಲಿ. ಅರ್ಧ ಪೆಡಲ್ (ಪೂರ್ತಿ ಒತ್ತದೆ ಅರ್ಧಕ್ಕೆ ಇಳಿಸಿ), ಅದೂ ಪೆಟ್ಟಿಗೊಮ್ಮೆ ಬದಲಿಸುತ್ತ.

‘ಬಾಂಬೂಲಾ’ಕ್ಕೆ ಚರಿತ್ರೆಯ ತೂಕ ಹೆಚ್ಚು. 1840ರ ದಶಕದ ಕೊನೆಗೆ, ಇಪ್ಪತ್ತು ತುಂಬದ ಹುಡುಗ, ‘ಗೆಣಸು ಬೆಂದ ಮೇಲೆ’ ಎಂಬ ಲೂಯಿಸಿಯಾನಾದ ಕ್ರಿಯೋಲ್ (ಫ್ರೆಂಚ್-ಆಫ್ರಿಕನ್ ಬೆರಕೆಯ) ಹಾಡನ್ನು ಪ್ಯಾರಿಸ್‌ನ ಸಭಾಂಗಣಕ್ಕೆ ತಂದದ್ದು ಸಣ್ಣ ಮಾತಲ್ಲ. ಅದೇ ಪ್ಯಾರಿಸ್‌ನ ಸಂಗೀತ ಶಾಲೆ ಕನ್ಸರ್ವೇಟರಿ ಅವನ ವಾದನ ಕೇಳದೆಯೇ ಬಾಗಿಲು ಹಾಕಿತ್ತು. ಆದರೆ ಮೊದಲ ಕೃತಿಯಾಗಿ ಇದು ಬೇಡ. ಉದ್ದ ಜಾಸ್ತಿ, ಡಿ-ಫ್ಲಾಟ್ ಮೇಜರ್‌ನ ಕರಿ ಕೀಲಿಗಳ ಮೇಲೆ ತಾರಸ್ಥಾಯಿಯ ಅಲಂಕಾರಗಳು ಬಂದಾಗ ಹಾಡಿನ ಎಲುಬು ಮರೆಯಾಗುತ್ತದೆ. ಮೊದಲ ಎರಡು ಪುಟ ಕೇಳಿ ಸಾಕೆನಿಸಿದರೂ ಅದರ ಮುಖ್ಯ ಸಂಗತಿ ಸಿಕ್ಕಿರುತ್ತದೆ.

‘ದಿ ಬ್ಯಾಂಜೊ’ ಸಭೆಯನ್ನು ಗೆಲ್ಲುತ್ತದೆ. ಎಫ್-ಶಾರ್ಪ್ ಮೇಜರ್‌ನಲ್ಲಿ ಬ್ಯಾಂಜೊ ತಂತಿ ಮೀಟುವ ಸದ್ದನ್ನು ಪಿಯಾನೊದಿಂದ ಹೊರಡಿಸುತ್ತದೆ; ಕೊನೆಯ ಧಾಟಿಯಲ್ಲಿ ಅಮೆರಿಕನ್ ಹಾಡುಗಾರಿಕೆಯ ರಚನಕಾರ ಸ್ಟೀಫನ್ ಫಾಸ್ಟರ್‌ನ ‘ಕ್ಯಾಂಪ್‌ಟೌನ್ ರೇಸಸ್’ನ ನೆರಳಿದೆ. ಇಲ್ಲಿ ಪೆಡಲ್ ಹೆಚ್ಚಾದರೆ ಬ್ಯಾಂಜೊ ಹೋಗಿ ಹಾರ್ಪ್ ಆಗುತ್ತದೆ. ಮಣಿಕಟ್ಟು ಸಡಿಲವಿಲ್ಲದಿದ್ದರೆ ಕೊನೆಯ ಓಟಕ್ಕೆ ಮೊದಲೇ ಕೈ ಬಿಗಿಯುತ್ತದೆ. ಜಾಝ್‌ನ ಬೇರು ಹುಡುಕುವವರಿಗೆ ಇದು ಅಡ್ಡದಾರಿ: ಇದರ ನೆಂಟಸ್ತಿಕೆ ಕೆರಿಬಿಯನ್‌ಗಿಂತ ಬ್ಯಾಂಜೊ ವಾದಕರ ಕೈಚಳಕದ ಜೊತೆ.

ನುಡಿಸಲು ಕೂರುವವರಿಗೆ ‘ಓಹೋಸ್ ಕ್ರಿಯೋಯೋಸ್’. ಮೂರು ನಿಮಿಷವೂ ಇಲ್ಲದ ಕ್ಯೂಬನ್ ನೃತ್ಯ. ಎಡಗೈ ಹಬನೇರಾ ಹಿಡಿದಿದ್ದರೆ ಬಲಗೈಯಲ್ಲಿ 1+2+1ರ ಕಡಿತ, ಅಂದರೆ ಮುಂದೆ ಕೇಕ್‌ವಾಕ್ (ಕರಿಯರ ನೃತ್ಯವೊಂದು) ಎಂದು ಹೆಸರಾದ ಲಯ. 1859ರ ಇದನ್ನು ನುಡಿಸಿದ ಬೆನ್ನಿಗೇ ರ‍್ಯಾಗ್‌ಟೈಮ್ ರಚನಕಾರ ಸ್ಕಾಟ್ ಜಾಪ್ಲಿನ್‌ನ 1909ರ ‘ಸೋಲೆಸ್’ ತೆಗೆದುಕೊಂಡರೆ ಐವತ್ತು ವರ್ಷದ ಅಂತರ ಬೆರಳುಗಳಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಆಗುವ ದೊಡ್ಡ ತಪ್ಪು ‘ಸ್ವಿಂಗ್’ ಮಾಡುವುದು, ಅಂದರೆ ಜೋಡಿ ಸ್ವರಗಳನ್ನು ಒಂದು ಉದ್ದ, ಒಂದು ಗಿಡ್ಡ ಮಾಡಿ ತೂಗಿಸುವುದು. ಎಂಟೂ ಅಕ್ಷರ ಸಮವಾಗಿರಬೇಕು; ಜಾಝ್ ಎಂಬ ಮಾತು ಕೇಳಿ ತೂಗಿಸಿದರೆ 1+2+1 ತಿಸ್ರವಾಗಿ (ಮೂರರ ನಡೆಯಾಗಿ) ಕರಗಿ, ಎಡಗೈಯ ಹಬನೇರಾದೊಡನೆ ತಿಕ್ಕಾಟವೇ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ಗಾಟ್‌ಶಾಲ್ಕ್‌ನಲ್ಲಿ ಬ್ಲೂಸ್‌ನ (ಜಾಝ್‌ಗೆ ಬೇರಾದ ಕರಿಯರ ಹಾಡಿನ ಶೈಲಿ) ಹನ್ನೆರಡು ಬಾರ್ ಇಲ್ಲ, ಬಾಗಿಸಿದ ಸ್ವರಗಳಿಲ್ಲ, ಸ್ವರಮೇಳ ಶೋಪನ್ ಕಾಲದ್ದೇ. ಜಾಝ್‌ನವರು ಇವನಿಂದ ಕಲಿತರೆನ್ನುವುದಕ್ಕಿಂತ ಇಬ್ಬರೂ ಒಂದೇ ಬಾವಿಯ ನೀರು ಕುಡಿದರೆನ್ನುವುದು ಸರಿ. ನ್ಯೂ ಆರ್ಲಿಯನ್ಸ್‌ನ ಜಾಝ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್ 1938ರಲ್ಲಿ ಜಾಝ್‌ಗೆ ಬೇಕೇ ಬೇಕೆಂದ ‘ಸ್ಪ್ಯಾನಿಶ್ ಛಾಯೆ’ ಇದೇ ಲಯಗಳದ್ದು.

ಧ್ವನಿಮುದ್ರಣಗಳಲ್ಲಿ, 1950ರ ದಶಕದಲ್ಲಿ ಯೂಜೀನ್ ಲಿಸ್ಟ್ ವ್ಯಾನ್‌ಗಾರ್ಡ್ ಕಂಪನಿಗೆ ಮಾಡಿದ್ದು ಗಾಟ್‌ಶಾಲ್ಕ್‌ನನ್ನು ಮರಳಿ ತಂದ ಧ್ವನಿತಟ್ಟೆ. ಸದ್ದು ಹಳತು, ಲಯ ಗರಿಗರಿ. ಫಿಲಿಪ್ ಮಾರ್ಟಿನ್ ಹೈಪೀರಿಯನ್‌ಗೆ ಎಂಟು ಸಂಪುಟ ನುಡಿಸಿದ್ದಾರೆ. ಎಲ್ಲವೂ ಬೇಕೆನ್ನುವವರಿಗೆ ಅದು. ಸೆಸಿಲ್ ಲಿಕಾಡ್‌ರ ನ್ಯಾಕ್ಸೋಸ್ ಮುದ್ರಿಕೆಯಲ್ಲಿ ಬಿರುಸು ಹೆಚ್ಚು. ಒಂದನ್ನೇ ಕೊಳ್ಳುವುದಾದರೆ ನಾವು ಲಿಸ್ಟ್ ಕಡೆ. ನೊಟೇಶನ್‌ಗೆ ರಿಚರ್ಡ್ ಜಾಕ್ಸನ್ ಸಂಪಾದಿಸಿದ ಡೋವರ್ ಪುಸ್ತಕ (1973) ಸಾಕು: 26 ಕೃತಿಗಳು, ಹಳೆಯ ಅಚ್ಚಿನ ನಕಲು. 61 ಕೀಲಿಯ ಕೀಬೋರ್ಡ್ ಸಾಲದು, 88 ಬೇಕು.

ಜೊತೆಗಾರರಿದ್ದರೆ ‘ಓಹೋಸ್ ಕ್ರಿಯೋಯೋಸ್’ನ ನಾಲ್ಕು ಕೈಗಳ ರೂಪವನ್ನೇ ಮೊದಲು ಎತ್ತಿಕೊಳ್ಳಿ. ಲಯ ಗಟ್ಟಿಯಿರುವವರು ಎಡಕ್ಕೆ ಕೂರಲಿ, ಪೆಡಲ್ ಕೂಡ ಅವರ ಕಾಲಿಗೇ ಇರಲಿ.