ಟ್ಯಾಂಕ್ ತುಂಬಿದರೆ ಕೂಗಬೇಕು: ಮಕ್ಕಳ ಕೈಗೆ ನಾಲ್ಕು ಬಗೆಯ ಕಿಟ್

ಮಕ್ಕಳ ಎಲೆಕ್ಟ್ರಾನಿಕ್ಸ್ ಕಿಟ್‌ಗಳ ಡಬ್ಬಿಯ ಮೇಲೆ ಒಳಗೆ ಎಷ್ಟು ಪ್ರಯೋಗಗಳಿವೆ ಎಂಬುದನ್ನು ದಪ್ಪ ಅಕ್ಷರಗಳಲ್ಲಿ ಬರೆದಿರುತ್ತಾರೆ. ಆ ಸಂಖ್ಯೆ ನೋಡಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ನಾನು ಒಂದೇ ಕೆಲಸವನ್ನು ನಾಲ್ಕು ಬಗೆಯ ಸಾಮಾನಿನಲ್ಲಿ ಮಾಡಿಸಿ ನೋಡಿದೆ: ಮಹಡಿಯ ಮೇಲಿನ ನೀರಿನ ಟ್ಯಾಂಕ್ ತುಂಬಿದ ಕೂಡಲೇ ಸದ್ದಾಗಬೇಕು. ಮೋಟರ್ ಹಾಕಿ ಮರೆಯುವುದು, ನೀರು ರಸ್ತೆಗೆ ಹರಿದ ಮೇಲೆ ಎದುರುಮನೆಯವರು ಬಂದು ಗೇಟು ಬಡಿಯುವುದು ಬೆಂಗಳೂರಿನ ನಮ್ಮ ಗಿರಿನಗರದಲ್ಲಿ ನಿತ್ಯದ ಸಂಗತಿ. ಕೆಲಸಕ್ಕೆ ಕೂತವರು ಏಳನೆಯ ತರಗತಿಯ ಮಗಳು ಮತ್ತು ನಾಲ್ಕನೆಯ ತರಗತಿಯ ಅಕ್ಕನ ಮಗ. ಅಲಾರಂ ಕೂಗದಿದ್ದಾಗ ಎಲ್ಲಿ ಕೆಟ್ಟಿದೆ ಎಂದು ಅವರೇ ಹುಡುಕಬಲ್ಲರೇ ಎಂಬುದಷ್ಟೇ ನನ್ನ ಅಳತೆಗೋಲು.

ಗುಂಡಿ ಒತ್ತಿ ಜೋಡಿಸುವ ಪ್ಲಾಸ್ಟಿಕ್ ಕಿಟ್ ಬೇಗ ಗೆದ್ದಿತು, ಬೇಗ ಮುಗಿಯಿತು. ನೀರಿನ ಅಲಾರಂ ಅದರ ಕೈಪಿಡಿಯಲ್ಲೇ ಇತ್ತು. ಚಿತ್ರದಲ್ಲಿದ್ದಂತೆ ಹುಡುಗ ಒಬ್ಬನೇ ಜೋಡಿಸಿದ. ತಪ್ಪುವುದಕ್ಕೆ ಅವಕಾಶ ಕಡಿಮೆ, ಹಾಗಾಗಿ ಹುಡುಕುವುದಕ್ಕೂ ಏನಿಲ್ಲ. ಹತ್ತು ವರ್ಷದೊಳಗಿನವರಿಗೆ ಒಳ್ಳೆಯದು. ಪ್ರೋಗ್ರಾಮಿಂಗ್ ಇದರಲ್ಲಿ ಇಲ್ಲವೇ ಇಲ್ಲ.

ಎರಡನೆಯದು ಕಿಟ್ ಅಲ್ಲ, ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯ ಬಿಡಿ ಸಾಮಾನು: ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸುವ ತೂತುಗಳ ಹಲಗೆ), ಜಂಪರ್ ತಂತಿ, ಬಿಸಿ547 ಎಂಬ ಟ್ರಾನ್ಸಿಸ್ಟರ್ (ಚೂರು ಕರೆಂಟಿನಿಂದ ಹೆಚ್ಚಿನ ಕರೆಂಟನ್ನು ನಡೆಸುವ ಬಿಡಿಭಾಗ), ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್, ಸದ್ದು ಮಾಡುವ ಬಜರ್, ನಾಲ್ಕು ಸೆಲ್‌ಗಳ ಹೋಲ್ಡರ್. ಅಂಗಡಿಯವರು "ಪ್ರಾಜೆಕ್ಟಿಗಾ ಸಾರ್?" ಎಂದು ಕೇಳಿ, ನಾವು ಹೇಳುವ ಮೊದಲೇ ಅರ್ಧ ಸಾಮಾನು ತೆಗೆದಿಟ್ಟರು. ಸರ್ಕ್ಯೂಟ್ ಸರಳ. ನೀರಿನಲ್ಲಿ ಮುಳುಗಿದ ಎರಡು ತಂತಿಗಳ ನಡುವೆ ಹರಿಯುವ ಚೂರು ಕರೆಂಟ್ ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿಗೆ ಹೋಗುತ್ತದೆ, ಅದು ಬಜರನ್ನು ಕೂಗಿಸುತ್ತದೆ. ಮೊದಲ ಸಲ ಕೂಗಲಿಲ್ಲ. ಬ್ರೆಡ್‌ಬೋರ್ಡಿನಲ್ಲಿ ಐದೈದು ತೂತುಗಳು ಒಳಗೇ ಒಂದಕ್ಕೊಂದು ಸೇರಿರುತ್ತವೆ. ಮಗಳು ಟ್ರಾನ್ಸಿಸ್ಟರಿನ ಎರಡು ಕಾಲುಗಳನ್ನು ಒಂದೇ ಸಾಲಿಗೆ ಚುಚ್ಚಿದ್ದಳು. ಕರೆಂಟ್, ತಡೆ ಇತ್ಯಾದಿ ಅಳೆಯುವ ಮಲ್ಟಿಮೀಟರನ್ನು, ಎರಡು ಜಾಗ ಒಳಗೇ ಸೇರಿದ್ದರೆ ಕೂಗುವ ಬೀಪ್‌ಗೆ ತಿರುಗಿಸಿ, ಒಂದೊಂದೇ ಜಾಗ ಮುಟ್ಟುತ್ತಾ ಹೋಗಿ ತಾನೇ ಅದನ್ನು ಹಿಡಿದಳು. ಯಾವ ಕಿಟ್ ಕೊಂಡರೂ ಸರಿ, ಅದಕ್ಕಿಂತ ಮೊದಲು ಅಗ್ಗದ ಮಲ್ಟಿಮೀಟರ್ ಒಂದನ್ನು ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಆಮೇಲೆ ಹುಡುಗ ಗಮನಿಸಿದ್ದು ಇನ್ನೂ ಸೊಗಸಾದ ವಿಷಯ. "ಮಾವ, ಟ್ಯಾಂಕರ್ ನೀರಿನಲ್ಲಿ ಜೋರಾಗಿ ಕೂಗುತ್ತದೆ, ಕಾವೇರಿ ನೀರಿನಲ್ಲಿ ಯಾಕೆ ದನಿ ಇಳಿಯುತ್ತದೆ?" ನಮ್ಮ ಟ್ಯಾಂಕರಿನದು ಬೋರ್‌ವೆಲ್ ನೀರು, ಅದರಲ್ಲಿ ಕರಗಿದ ಲವಣ ಹೆಚ್ಚು, ಕರೆಂಟ್ ಸುಲಭವಾಗಿ ಹರಿಯುತ್ತದೆ. ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ ಖಾತ್ರಿಪಡಿಸಿಕೊಂಡರು. ಈ ಪಾಠ ಯಾವ ಡಬ್ಬಿಯ ಮೇಲೂ ಬರೆದಿರಲಿಲ್ಲ. ಒಂದು ಕೊರತೆಯೂ ಇತ್ತು: ತಂತಿಗಳಲ್ಲಿ ಸದಾ ಕರೆಂಟ್ ಇರುವುದರಿಂದ ತಾಮ್ರದ ತುದಿ ಹಸಿರುಗಟ್ಟಿ ಸವೆಯತೊಡಗಿತು.

ಮೂರನೆಯದು ಆರ್ಡುಯಿನೊ ಉನೊ, ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್. 2005ರಲ್ಲಿ ಇಟಲಿಯ ಇವ್ರೆಯದಲ್ಲಿ ಹುಟ್ಟಿದ ಯೋಜನೆ ಇದು. ವಿನ್ಯಾಸ ಮುಕ್ತವಾಗಿರುವುದರಿಂದ ಬೇರೆಯವರು ಮಾಡಿದ ಬೋರ್ಡ್‌ಗಳು ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಅವುಗಳಲ್ಲಿ ಹಲವನ್ನು ಕಂಪ್ಯೂಟರ್ ಗುರುತಿಸಬೇಕಾದರೆ ಸಿಎಚ್340 ಚಿಪ್‌ನ ಡ್ರೈವರ್ ಎಂಬ ತಂತ್ರಾಂಶ ಬೇರೆ ಹಾಕಿಕೊಳ್ಳಬೇಕಾಗಬಹುದು, ಮೊದಲ ಸಂಜೆ ಅದರಲ್ಲೇ ಕಳೆಯುತ್ತದೆ. ಒಂದು ಅರ್ಧವಿರಾಮ ಬಿಟ್ಟುಹೋದರೆ ಪರದೆಯ ತುಂಬ ಇಂಗ್ಲಿಷಿನ ದೋಷ ಸಂದೇಶ. ಕನ್ನಡ ಮಾಧ್ಯಮದ ಹುಡುಗ ಅಲ್ಲಿಗೇ ಎದ್ದು ಹೋದ. ಮಗಳು ಉಳಿದಳು. ನೀರಿನ ತಂತಿಯನ್ನು, ಹೌದು ಅಥವಾ ಇಲ್ಲ ಎಂದಷ್ಟೇ ಓದುವ ಡಿಜಿಟಲ್ ಪಿನ್‌ಗೆ ಕೊಟ್ಟಾಗ ಬೋರ್ಡ್ ಒಮ್ಮೆ ನೀರು ಇದೆ ಎಂದಿತು, ಒಮ್ಮೆ ಇಲ್ಲ ಎಂದಿತು. ಏನೂ ತಾಗದಿದ್ದಾಗ ಪಿನ್ನನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡುವ ಒಳಗಿನ ಪುಲ್‌ಅಪ್ ರೆಸಿಸ್ಟರ್ 20ರಿಂದ 50 ಕಿಲೋ ಓಮ್. ನಮ್ಮ ನೀರಿನ ತಡೆಯೂ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಬೋರ್ಡಿಗೆ ಗೊಂದಲ. ಎಷ್ಟಿದೆ ಎಂದು ಅಳೆಯುವ ಅನಲಾಗ್ ಪಿನ್‌ಗೆ ಬದಲಿಸಿದಾಗ 0ರಿಂದ 1023ರ ನಡುವಿನ ಸಂಖ್ಯೆ ಪರದೆಯ ಮೇಲೆ ಓಡತೊಡಗಿತು, ಎಲ್ಲಿ ಗೆರೆ ಎಳೆಯಬೇಕೆಂದು ಅವಳೇ ತೀರ್ಮಾನಿಸಿದಳು. ತಂತಿ ಸವೆಯುವುದಕ್ಕೂ ಇಲ್ಲಿ ಪರಿಹಾರ ಸಿಕ್ಕಿತು: ಅಳೆಯುವ ಕ್ಷಣದಲ್ಲಿ ಮಾತ್ರ ತಂತಿಗೆ ಕರೆಂಟ್ ಕೊಡು ಎಂದು ಪ್ರೋಗ್ರಾಮಿನಲ್ಲಿ ಬರೆದರಾಯಿತು. ಪ್ರೋಗ್ರಾಮಿಂಗ್ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಕೊನೆಯದು ಮೈಕ್ರೋಬಿಟ್. 2016ರಲ್ಲಿ ಬ್ರಿಟನ್ನಿನ ಸುಮಾರು ಹತ್ತು ಲಕ್ಷ ಶಾಲಾಮಕ್ಕಳಿಗೆ ಉಚಿತವಾಗಿ ಹಂಚಿದ ಬೋರ್ಡ್ ಇದು. ಇಪ್ಪತ್ತೈದು ಎಲ್‌ಇಡಿ, ಎರಡು ಗುಂಡಿ, ಅಲುಗಾಟ ಮತ್ತು ಉಷ್ಣತೆ ಅಳೆಯುವ ಸೆನ್ಸರ್‌ಗಳು ಬೋರ್ಡಿನಲ್ಲೇ ಇವೆ. 2020ರ ಎರಡನೆಯ ಆವೃತ್ತಿಯಲ್ಲಿ ಸ್ಪೀಕರೂ ಸೇರಿದ್ದರಿಂದ ಬಜರ್ ಬೇಕಿಲ್ಲ. ಇದಕ್ಕೆ ಪ್ರೋಗ್ರಾಮ್ ಮಾಡುವ ಮೇಕ್‌ಕೋಡ್ ತಾಣದಲ್ಲಿ ಆಜ್ಞೆಗಳ ಬ್ಲಾಕ್‌ಗಳನ್ನು ಎಳೆದು ಜೋಡಿಸಿದರೆ ಪಕ್ಕದಲ್ಲೇ ಬೋರ್ಡಿನ ಚಿತ್ರ ಅದನ್ನು ನಡೆಸಿ ತೋರಿಸುತ್ತದೆ. ಎದ್ದು ಹೋಗಿದ್ದ ಹುಡುಗ ವಾಪಸು ಬಂದ. 'ಪಿನ್ ಒತ್ತಿದಾಗ' ಎಂಬ ಬ್ಲಾಕ್ ಹಾಕಿ, ಕ್ಲಿಪ್‌ಗಳನ್ನು ನೀರಿಗೆ ಬಿಟ್ಟರೆ ಸದ್ದಿಲ್ಲ, ಮೇಲೆತ್ತಿದರೆ ಕೂಗು! ನೀರು ತಾಗುವುದೇ ಬೋರ್ಡಿಗೆ ಪಿನ್ ಒತ್ತಿದಂತೆ, ಆದರೆ ಆ ಬ್ಲಾಕ್ ನಡೆಯುವುದು ಒತ್ತಿ ಬಿಟ್ಟ ಮೇಲೆ. ಅಕ್ಕ ತಮ್ಮ ಇಬ್ಬರೂ ಮುಳುಗಿಸಿ, ಎತ್ತಿ, ಜಗಳವಾಡಿ, ಕೊನೆಗೆ 'ಸದಾಕಾಲ' ಬ್ಲಾಕಿನೊಳಗೆ ಪಿನ್ ಒತ್ತಿದೆಯೇ ಎಂದು ಕೇಳುವ ಷರತ್ತು ಇಟ್ಟರು. ಪಿನ್‌ನಲ್ಲಿರುವ ರೆಸಿಸ್ಟರ್ ಒಂದು ಕೋಟಿ ಓಮ್, ನೀರಿನ ತಡೆಗಿಂತ ಬಹಳ ಹೆಚ್ಚು, ಹಾಗಾಗಿ ಕಾವೇರಿ ನೀರೂ ತಕರಾರು ಮಾಡಲಿಲ್ಲ. ಆದರೆ ಆರ್ಡುಯಿನೊದಲ್ಲಿ ಸಂಖ್ಯೆಯಾಗಿ ಕಂಡ ನೀರಿನ ಅಳತೆ ಇಲ್ಲಿ ಮುಚ್ಚಿಹೋಯಿತು, ಆ ಬೇಸರ ನನಗಿದೆ. ಬೆಲೆಯೂ ಕಡಿಮೆಯಲ್ಲ.

ಒಂದನ್ನೇ ಕೊಳ್ಳುವುದಾದರೆ? ಪ್ರೋಗ್ರಾಮಿಂಗ್ ಮುಖ್ಯವಾದರೆ ಮೈಕ್ರೋಬಿಟ್. ಎಲೆಕ್ಟ್ರಾನಿಕ್ಸ್ ಮುಖ್ಯವಾದರೆ, ಮನೆಯಲ್ಲಿ ಜೊತೆಗೆ ಕೂರುವವರು ಇದ್ದರೆ, ಬಿಡಿ ಸಾಮಾನು ಮತ್ತು ಮಲ್ಟಿಮೀಟರ್. ಕಲಿಕೆಯ ದೃಷ್ಟಿಯಿಂದ ನನ್ನ ಮತ ಇದಕ್ಕೇ. ಆರ್ಡುಯಿನೊ ಎರಡನೆಯ ವರ್ಷದ ಸಾಮಾನು. ಮಗುವಿನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಇಂಥವನ್ನು ಮಾಡಿ ಕಲಿಯಲು ಕೇಂದ್ರ ಸರ್ಕಾರದ ಯೋಜನೆಯ ಪ್ರಯೋಗಾಲಯ) ಇದ್ದರೆ ಮೊದಲು ಅಲ್ಲಿ ಮುಟ್ಟಿ ನೋಡಲಿ. ಯಾವುದೇ ಆದರೂ ಸೆಲ್‌ನಿಂದಲೇ ನಡೆಸಿ. ಮೋಟರಿನ ಸ್ಟಾರ್ಟರ್‌ಗೆ ಮಕ್ಕಳು ಕೈಹಾಕುವುದು ಬೇಡ. ಎಸ್.ಪಿ. ರಸ್ತೆಗೆ ಹೋಗುವವರು ಭಾನುವಾರ ಬಿಟ್ಟು ಹೋಗಿ, ಎಲ್‌ಇಡಿಗಳನ್ನು ಬೇಕಾದ್ದಕ್ಕಿಂತ ಹೆಚ್ಚೇ ತನ್ನಿ. ರೆಸಿಸ್ಟರ್ ಇಲ್ಲದೆ ಜೋಡಿಸಿ ಎಲ್‌ಇಡಿ ಸುಡದ ಮಗುವನ್ನು ನಾನು ಕಂಡಿಲ್ಲ.