ಮೂರು ಡ್ಯೂನ್‌ಗಳಲ್ಲಿ ನೀರಿನ ಬೆಲೆ ಯಾವುದಕ್ಕೆ ಗೊತ್ತು?

ಹೊಳಲ್ಕೆರೆ ಕಡೆ ನಮ್ಮದೊಂದು ಅಡಿಕೆ ತೋಟ ಇದೆ. ಬೋರ್‌ವೆಲ್ ಕೈಕೊಟ್ಟ ವರ್ಷ ಅಪ್ಪ ಟ್ಯಾಂಕರ್ ನೀರು ಕೊಂಡು ಹಾಕಿ ಮರ ಉಳಿಸಿಕೊಂಡರು. ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 15ರಿಂದ 20 ಲೀಟರ್ ಬೇಕು, ಎಷ್ಟು ಮರ ಅಂತ ಗುಣಿಸುತ್ತಾ ಕೂತರೆ ರಾತ್ರಿ ನಿದ್ದೆ ಬರಲ್ಲ. ಅದೇ ಬೇಸಿಗೆಯಲ್ಲಿ ನಾನು ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' ಓದುತ್ತಿದ್ದೆ. ಅದರಲ್ಲೂ ಒಂದು ಲೆಕ್ಕ ಬರುತ್ತದೆ. ಖರ್ಜೂರದ ಮರಕ್ಕೆ ದಿನಕ್ಕೆ 40 ಲೀಟರ್, ಮನುಷ್ಯನಿಗೆ 8 ಲೀಟರ್. ಅಂದರೆ ಅರಮನೆ ಮುಂದಿನ 20 ಮರ ನೂರು ಜನರ ನೀರು ಕುಡಿಯುತ್ತಿವೆ. 1965ರಲ್ಲಿ ಬಂದ ಅಮೆರಿಕದ ಕಾದಂಬರಿಯಲ್ಲಿ ನಮ್ಮನೆ ಲೆಕ್ಕ ಇತ್ತು!

ಹರ್ಬರ್ಟ್ ಈ ಸರಣಿಯಲ್ಲಿ ಆರು ಪುಸ್ತಕ ಬರೆದರು. ಮೊದಲನೆಯದರಲ್ಲಿ, ಮರಳುಗಾಡೇ ತುಂಬಿದ ಗ್ರಹವೊಂದನ್ನು ಆಳಲು ಬಂದ ಡ್ಯೂಕ್ ದಾಳಿಯಲ್ಲಿ ಸಾಯುತ್ತಾನೆ, ಅವನ ಮಗ ಪಾಲ್ ಅಲ್ಲಿನ ಜನರಿಗೆ ಅವತಾರ ಪುರುಷನಾಗುತ್ತಾನೆ. ಅದನ್ನು ತೆರೆಗೆ ತಂದ ಮೂರು ಪ್ರಯತ್ನಗಳನ್ನು ಒಂದೇ ತಿಂಗಳಲ್ಲಿ, ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ನನಗೆ ಬೇಕಿದ್ದಿದ್ದು ಒಂದೇ. ನೋಡುವವರಿಗೆ ಬಾಯಿ ಒಣಗಬೇಕು. ಯಾಕಂದ್ರೆ ಆ ಕಥೆಯಲ್ಲಿ ಧರ್ಮ, ಯುದ್ಧ, ರಾಜಕೀಯ ಎಲ್ಲಾ ನೀರಿಂದಲೇ ಹುಟ್ಟುತ್ತವೆ.

1984ರ ಡೇವಿಡ್ ಲಿಂಚ್ ಸಿನಿಮಾ ಇಡೀ ಪುಸ್ತಕವನ್ನು 2 ಗಂಟೆ 17 ನಿಮಿಷಕ್ಕೆ ತುರುಕಿದೆ. ಶುರುವಿನಲ್ಲೇ ರಾಜಕುಮಾರಿಯೊಬ್ಬಳು ನಮ್ಮ ಕಡೆ ತಿರುಗಿ ಪಾಠದ ಥರ ಎಲ್ಲಾ ವಿವರಿಸುತ್ತಾಳೆ. ಪಾತ್ರಗಳ ಮನಸ್ಸಿನ ಮಾತು ಪಿಸುಮಾತಾಗಿ ಕೇಳುತ್ತಲೇ ಇರುತ್ತದೆ. ಸೆಟ್ಟುಗಳು ಮಾತ್ರ ಇವತ್ತಿಗೂ ಕಣ್ಣು ಕಟ್ಟುತ್ತವೆ. ಆದರೆ ಅರ್ಧ ದಾಟಿದ ಮೇಲೆ ಕಥೆ ಓಡುತ್ತದೆ, ನಾವು ಹಿಂದೆ ಬೀಳುತ್ತೇವೆ.

ಕೊನೆಗೆ ಆ ಮರಳುಗಾಡಿನ ಮೇಲೆ ಮಳೆ ಸುರಿಯುತ್ತದೆ. ನಿಜ ಹೇಳ್ತೀನಿ, ಮೈ ಜುಮ್ಮೆಂದಿತು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಬಿದ್ದಿದ್ದು 2022ರಲ್ಲೇ. ಆವತ್ತು ಹಿರಿಯೂರಿಗೆ ಹೋಗಿ ಸುಮ್ನೆ ನಿಂತು ನೀರು ನೋಡಿದವರಲ್ಲಿ ನಾನೂ ಒಬ್ಬ. ನಮ್ಮ ಜಿಲ್ಲೆಯವರಿಗೆ ಮಳೆ ತೋರಿಸಿದರೆ ಮನಸ್ಸು ಕರಗದೇ ಇರುತ್ತಾ? ಆದರೂ ಅದು ತಪ್ಪು ಮಳೆ. ಪುಸ್ತಕದಲ್ಲಿ ಆ ದೊಡ್ಡ ಮರಳುಹುಳುಗಳಿಗೆ ನೀರೇ ವಿಷ. ಹುಳು ಇಲ್ಲದಿದ್ದರೆ ಸ್ಪೈಸ್ ಅನ್ನೋ ಮಾದಕ ವಸ್ತು ಇಲ್ಲ, ಸ್ಪೈಸ್ ಇಲ್ಲದಿದ್ದರೆ ನಕ್ಷತ್ರಗಳ ನಡುವೆ ಓಡಾಟ ಇಲ್ಲ. ಮರಳುಗಾಡು ಹಸಿರಾಗುತ್ತಾ ಹುಳುಗಳು ಸಾಯುವುದೇ ಮುಂದಿನ ಪುಸ್ತಕಗಳ ಸಂಕಟ. ಈ ಒಂದು ಮಳೆ ಅವುಗಳ ಬಾಗಿಲನ್ನೇ ಮುಚ್ಚಿಬಿಟ್ಟಿತು. ಪಾತ್ರ ಕಡಿಮೆ ಮಾಡಿದ್ದರೆ ಸಹಿಸಬಹುದಿತ್ತು, ಇದನ್ನು ನನಗೆ ಸಹಿಸಲು ಆಗಲಿಲ್ಲ.

2000ದಲ್ಲಿ ಜಾನ್ ಹ್ಯಾರಿಸನ್ ಮಾಡಿದ ಟಿವಿ ಸರಣಿ ಮೂರು ಭಾಗದ್ದು, ಒಟ್ಟು ಸುಮಾರು ನಾಲ್ಕೂವರೆ ಗಂಟೆ. ಇಲ್ಲಿ ಜನ ಕೂತು ಮಾತಾಡುತ್ತಾರೆ, ಯಾರು ಯಾರಿಗೆ ಬಲೆ ಹಾಕುತ್ತಿದ್ದಾರೆ ಅಂತ ತಿಳಿಯುತ್ತದೆ. ಪುಸ್ತಕ ಓದದ ನನ್ನ ಸ್ನೇಹಿತನಿಗೆ ಕಥೆ ಪೂರ್ತಿ ಅರ್ಥವಾಗಿದ್ದು ಇದರಲ್ಲೇ. ಪುಸ್ತಕದ ಔತಣದ ದೃಶ್ಯವೂ ಇದೆ. ಆದರೆ ಚಿತ್ರೀಕರಣ ಪ್ರಾಗ್‌ನ ಸ್ಟುಡಿಯೋದಲ್ಲಿ, ಹಿಂದೆ ಪರದೆಯ ಮೇಲೆ ಮರಳುಗಾಡು. ಯಾರ ತುಟಿಯೂ ಒಡೆದಿಲ್ಲ, ಯಾರ ಕಣ್ಣಿಗೂ ಧೂಳು ಹೋಗಲ್ಲ. ನೀರಿನ ಬಗ್ಗೆ ಎಷ್ಟು ಮಾತಾಡಿದರೂ ದಾಹ ಮಾತ್ರ ಹುಟ್ಟಲಿಲ್ಲ.

ಇನ್ನು ಡೆನಿ ವಿಲ್ನವ್ ಅವರ 2021 ಮತ್ತು 2024ರ ಎರಡು ಸಿನಿಮಾಗಳು. 155 ನಿಮಿಷ, 166 ನಿಮಿಷ. ಟಿವಿ ಸರಣಿಗಿಂತ ಜಾಸ್ತಿ ಹೊತ್ತು ಕೈಯಲ್ಲಿತ್ತು, ಆದರೂ ಕತ್ತರಿಸಿದ್ದು ಕಡಿಮೆಯಿಲ್ಲ. ಔತಣ ಇಲ್ಲ. ನನಗೆ ತುಂಬಾ ನೋವಾಗಿದ್ದು ಅದೇ. ಊಟಕ್ಕೆ ಬಂದ ದೊಡ್ಡವರು ಕೈ ತೊಳೆದು ನೀರನ್ನು ನೆಲಕ್ಕೆ ಚೆಲ್ಲಿ, ಟವೆಲ್‌ನಲ್ಲಿ ಕೈ ಒರೆಸಿ ಬಿಸಾಕುವುದು, ಬಾಗಿಲಾಚೆ ಬಡವರು ಆ ಟವೆಲ್ ಹಿಂಡಿದ ನೀರಿಗೆ ಕಾಯುವುದು ಆ ಊರಿನ ಪದ್ಧತಿ. ಹೊಸ ಡ್ಯೂಕ್ ಅದನ್ನು ನಿಲ್ಲಿಸಿ, ಬಂದವರಿಗೆ ಕುಡಿಯೋ ನೀರು ಕೊಡಿ ಅನ್ನುತ್ತಾನೆ. ಆಳುವವರು ಯಾರು, ಬಾಯಾರಿದವರು ಯಾರು ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು.

ಕಾಲವನ್ನೂ ಕುಗ್ಗಿಸಿದ್ದಾರೆ. ಪುಸ್ತಕದಲ್ಲಿ ವರ್ಷಗಳು ಕಳೆದು, ಪಾಲ್‌ನ ತಂಗಿ ಆಲಿಯಾ ಹುಟ್ಟಿ ಮಾತಾಡುವ ಮಗುವಾಗಿರುತ್ತಾಳೆ. ಸಿನಿಮಾದಲ್ಲಿ ಅವಳಿನ್ನೂ ಹೊಟ್ಟೆಯಲ್ಲೇ. ಮರಳುಗಾಡು ಹಸಿರಾಗಲು ಮುನ್ನೂರರಿಂದ ಐನೂರು ವರ್ಷ ಬೇಕು ಅಂತ ಹನಿಹನಿ ಕೂಡಿಡುವ ಜನರ ತಾಳ್ಮೆ ಈ ಆತುರದಲ್ಲಿ ಕಾಣಲ್ಲ. ಪಾಲ್‌ನ ಪ್ರೇಯಸಿ ಚಾನಿಯ ಪಾತ್ರ ಬದಲಾಗಿದ್ದು ಮಾತ್ರ ನನಗೆ ಹಿಡಿಸಿತು. ಎರಡನೇ ಪುಸ್ತಕದಲ್ಲಿ ಬರುವ ಅನುಮಾನವನ್ನು, ಈ ಅವತಾರ ಪುರುಷ ನಿಜವಾಗಿ ಒಳ್ಳೆಯದು ಮಾಡ್ತಾನಾ ಅನ್ನೋದನ್ನು, ಮೊದಲೇ ಅವಳ ಕಣ್ಣಲ್ಲಿ ಇಟ್ಟಿದ್ದಾರೆ.

ಇಷ್ಟೆಲ್ಲಾ ಹೋದರೂ ನೀರು ಉಳಿದಿದ್ದು ಇದರಲ್ಲೇ. ಸತ್ತವನ ಮೈಯ ನೀರು ಹೀರಿ ತೆಗೆದು, ಬೆಟ್ಟದೊಳಗಿನ ಕೊಳಕ್ಕೆ ಸುರಿಯುತ್ತಾರೆ. ಯಾರೂ ಅದನ್ನು ಕುಡಿಯುವಂತಿಲ್ಲ. ಪುಸ್ತಕದ ಪ್ರಕಾರ ಅಂಥ ಒಂದು ಕೊಳದಲ್ಲಿ 38 ಕೋಟಿ ಲೀಟರ್ ಚಿಲ್ಲರೆ. ಲೆಕ್ಕ ಹಾಕಿದೆ, ಒಂದು ಟಿಎಂಸಿಯ 75ರಲ್ಲಿ ಒಂದು ಪಾಲು ಅಷ್ಟೇ. ಅಷ್ಟಕ್ಕೇ ಅವರು ತಲೆತಲಾಂತರ ಕಾದಿದ್ದಾರೆ. ಆ ದೃಶ್ಯದಲ್ಲಿ ನನಗೆ ನೆನಪಾಗಿದ್ದು ನಮ್ಮ ಚಿತ್ರದುರ್ಗ ಕೋಟೆಯ ಹೊಂಡಗಳು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಕ್ಕೆ, ಬಿದ್ದ ಮಳೆ ಒಂದು ಹನಿಯೂ ಹಾಳಾಗದಂತೆ ಕಟ್ಟಿದವರು ಇದೇ ಥರದ ಜನ ಅಲ್ವಾ?

ಮೊದಲ ಭಾಗವನ್ನು ಅಪ್ಪನ ಜೊತೆ ನೋಡಿದ್ದೆ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ನಾನು ನಡುನಡುವೆ ಹೇಳುತ್ತಿದ್ದೆ. ತೋಟದವನು ಖರ್ಜೂರದ ಮರಗಳಿಗೆ ನೀರು ಹಾಕುತ್ತಿರುತ್ತಾನೆ. ಕಿತ್ತುಬಿಡಬೇಕಾ ಅಂತ ಪಾಲ್ ಕೇಳಿದಾಗ, ಬೇಡ, ಇವು ಪವಿತ್ರ ಅನ್ನುತ್ತಾನೆ. ಅಪ್ಪ ತಲೆಯಾಡಿಸಿದರು. ಮುಂದೆ ದಾಳಿಯಲ್ಲಿ ಆ ಮರಗಳು ಹೊತ್ತಿ ಉರಿಯುತ್ತವೆ. ಡ್ಯೂಕ್ ಸತ್ತಾಗ ಸುಮ್ಮನಿದ್ದವರು ಅಲ್ಲಿ "ಅಯ್ಯೋ, ಮರ!" ಅಂದರು. ಲಿಂಚ್ ಸಿನಿಮಾ, ಟಿವಿ ಸರಣಿ ಎರಡರಲ್ಲೂ ಅವರ ಬಾಯಿಂದ ಒಂದು ಮಾತು ಬಂದಿರಲಿಲ್ಲ.

ಹೊಸದಾಗಿ ನೋಡುವವರು ವಿಲ್ನವ್ ಅವರ ಎರಡೂ ಸಿನಿಮಾ ಮೊದಲು ನೋಡಿ, ಆಮೇಲೆ ಟಿವಿ ಸರಣಿ. ಬಿಟ್ಟುಹೋದ ರಾಜಕೀಯ ಅದರಲ್ಲಿ ಸಿಗುತ್ತದೆ. 2003ರಲ್ಲಿ ಬಂದ ಅದರ ಮುಂದುವರಿಕೆ ಎರಡನೇ ಮತ್ತು ಮೂರನೇ ಪುಸ್ತಕಗಳನ್ನೂ ತೆಗೆದುಕೊಂಡಿದೆ. ಲಿಂಚ್ ಸಿನಿಮಾ ಕೊನೆಗಿರಲಿ, ಅದೂ ಪುಸ್ತಕ ಓದಿದ ಮೇಲೆ.